ಅಳುವುದರಲ್ಲಿ ಹೆಸರಾದ ಸೊಸೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದೆಂದು ನಿಮ್ಮನ್ನೇ ಕೇಳಿಬಿಡೋಣ ಅನ್ನಿಸುತ್ತಿದೆ. ಸಾವಿನಿಂದ ಶುರು ಮಾಡಿದರೆ ನೀವು ಮೊದಲ ಸಾಲಿಗೇ ಮುಖ ಸಪ್ಪಗೆ ಮಾಡಿಕೊಂಡು ಕೂರುತ್ತೀರಿ. ಆಟಿಸಂ, ಎಡಿಎಚ್‌ಡಿ ಎಂಬ ಹೆಸರುಗಳಿಂದ ಶುರು ಮಾಡಿದರೆ ಆಸ್ಪತ್ರೆಯ ಗೋಡೆಯ ಮೇಲಿನ ಪೋಸ್ಟರ್ ಓದಿದಂತಾಗುತ್ತದೆ. ಫ್ಯಾಕ್ಟರಿಯ ಸೈರನ್ನಿಂದ ಶುರುವಾಗುವ ಕರಡೊಂದಿತ್ತು. ಸೈರನ್ ಕೂಗಿದ ಕೂಡಲೇ ನಾಯಕಿ ಕಿವಿ ಮುಚ್ಚಿಕೊಂಡು ಕುಸಿದು ಬೀಳುತ್ತಿದ್ದಳು. ಚೆನ್ನಾಗಿಯೇ ಇತ್ತು. ನಾಯಕಿ ಒಪ್ಪಲಿಲ್ಲ.

"ನಾನ್ಯಾವತ್ತು ಸಾರ್ ಕಿವಿ ಮುಚ್ಕಂಡೆ?" ಅಂದಳು. "ಇಷ್ಟ್ ವರ್ಸ ಆ ಸೈರನ್ ಕೇಳ್ಕಂಡೇ ನಗ್ತಾ ನಿಂತಿದ್ದೀನಿ. ಬಿದ್ದೋಗಾಕೆ ಆಗಿದ್ರೆ ಎಷ್ಟೋ ವಾಸಿಯಾಗಿತ್ತು."

ಹರಿದು ಹಾಕಿದೆ. (ಹರಿಯುವುದೆಂದರೆ ಲ್ಯಾಪ್‌ಟಾಪಿನಲ್ಲಿ ಡಿಲೀಟ್ ಒತ್ತುವುದು. ಲೇಖಕರಿಗೆ ಕಾಗದ ಹರಿಯುವ ಸುಖವೂ ಈಗ ಉಳಿದಿಲ್ಲ.)

೨

ಆಕೆಯ ಹೆಸರು ಸರಳಾ. ಹೊಸೂರಿನಾಚೆ, ತಮಿಳುನಾಡಿನ ಗಡಿಯ ಸೂಳಗಿರಿಯಿಂದ ಒಳಕ್ಕೆ ಹೋದರೆ ಸಿಗುವ ಹಳ್ಳಿಯೊಂದರ ಸೊಸೆ. (ಹಳ್ಳಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯವರು ಮತ್ತಿಗಿರಿಯ ನನ್ನ ಮನೆ ಹುಡುಕಿಕೊಂಡು ಜಗಳಕ್ಕೆ ಬರಬಹುದು. ಹೊಸೂರಿನ ಕನ್ನಡ ಲೇಖಕನನ್ನು ಹುಡುಕಿಕೊಂಡು ಇಲ್ಲಿಯವರೆಗೆ ಯಾರೂ ಬಂದಿಲ್ಲ, ಆದರೂ ಹುಷಾರಾಗಿರುವುದು ಒಳ್ಳೆಯದು.) ಗಂಡ ಕುಮಾರೇಶ್ ಹಿಪ್ಪುನೇರಳೆ ತೋಟ ನೋಡಿಕೊಂಡು ಗೂಡ್ಸ್ ಆಟೋ ಓಡಿಸುತ್ತಾನೆ. ಸರಳಾ ದಿನಾ ಕಂಪನಿ ಬಸ್ಸು ಹತ್ತಿ ಹೊಸೂರಿನ ಫ್ಯಾಕ್ಟರಿಯೊಂದಕ್ಕೆ ಹೋಗುತ್ತಾಳೆ. ವೈರುಗಳನ್ನು ಕಟ್ಟು ಕಟ್ಟಿ ಪರೀಕ್ಷಿಸುವ ಲೈನಿನಲ್ಲಿ ನಿಲ್ಲುತ್ತಾಳೆ. ಮನೆಯಲ್ಲಿ ಕನ್ನಡ, ಲೈನಿನಲ್ಲಿ ತಮಿಳು, ಬಸ್ಸಿನಲ್ಲಿ ಪಕ್ಕ ಕೂರುವ ವೆಂಕಟಲಕ್ಷ್ಮಿಯ ಜೊತೆ ತೆಲುಗು. ಈ ಸೀಮೆಯಲ್ಲಿ ಮೂರು ಭಾಷೆ ಆಡುವುದು ದೊಡ್ಡ ವಿಷಯವೇನಲ್ಲ, ಕೋಳಿ ಮಾರುವವನೂ ಆಡುತ್ತಾನೆ. ಆದರೆ ಸರಳಾ ಒಂದೊಂದು ಭಾಷೆಗೂ ಒಂದೊಂದು ಮುಖವನ್ನು ಬೇರೆಯಾಗಿ ಕಲಿಯಬೇಕಾಯಿತು. ತಮಿಳಿನಲ್ಲಿ ಎಷ್ಟು ಜೋರಾಗಿ ನಗಬೇಕು, ತೆಲುಗಿನಲ್ಲಿ ಯಾವ ಮಾತಿಗೆ "ಅಯ್ಯೋ" ಅನ್ನಬೇಕು, ಕನ್ನಡದಲ್ಲಿ ಯಾರು ಬೈದರೆ ಅದು ಪ್ರೀತಿ, ಯಾರು ಬೈದರೆ ನಿಜವಾದ ಬೈಗುಳ. ನಿಮಗೆ ಇದೆಲ್ಲ ತಾಯಿಯ ಹಾಲಿನ ಜೊತೆ ಬಂದುಬಿಟ್ಟಿದೆ. ಅವಳಿಗೆ ಬರಲಿಲ್ಲ.

ಫ್ಯಾಕ್ಟರಿಗೆ ಸೇರಿದ ಹೊಸದರಲ್ಲಿ ಯಾರೋ "ಸಾಪ್ಟಾಚ್ಚಾ?" ಎಂದು ಕೇಳಿದಾಗ ಅವಳು ತಾನು ತಿಂದದ್ದನ್ನೆಲ್ಲ ಒಂದೊಂದಾಗಿ ಹೇಳಿದ್ದಳಂತೆ, ಉಪ್ಪಿನಕಾಯಿಯ ಸಮೇತ. ಕೇಳಿದವಳು ಆಗಲೇ ಮುಂದೆ ಹೋಗಿಯಾಗಿತ್ತು. ಊಟವಾಯಿತೇ ಎಂಬುದು ಊಟದ ವಿಷಯವಲ್ಲ ಎಂದು ಆವತ್ತು ಕಲಿತಳು. ಆಮೇಲೆ ಕಣ್ಣು. ಎದುರಿನವರ ಕಣ್ಣು ನೋಡಿದರೆ ಅವಳಿಗೆ ಮಾತು ಕೇಳಿಸುವುದಿಲ್ಲ, ಅದಕ್ಕೆ ಹುಬ್ಬುಗಳ ನಡುವಿನ ಕುಂಕುಮ ನೋಡುತ್ತಾಳೆ. ನಿಂತಲ್ಲಿ ನಿಲ್ಲಲಾಗದ ಕಾಲನ್ನು ಶೂ ಒಳಗೆ ಬೆರಳು ಒತ್ತಿ ಹಿಡಿದಿಡುತ್ತಾಳೆ. ಮರೆವನ್ನು ಮುಚ್ಚಲು ಎಲ್ಲರಿಗಿಂತ ಮೊದಲು ಬಂದು ಎಲ್ಲವನ್ನೂ ಮತ್ತೆ ಮತ್ತೆ ಮುಟ್ಟಿ ನೋಡುತ್ತಾಳೆ. ಸೂಪರ್‌ವೈಸರ್ ಹೊಸ ಹುಡುಗಿಯರಿಗೆ, "ಸರಳಾ ಮಾದಿರಿ ಇರುಂಗಮ್ಮಾ," ಎಂದು ಬುದ್ಧಿ ಹೇಳುತ್ತಾನೆ.

ಸಂಜೆ ಬಸ್ಸಿಳಿಯುವ ಹೊತ್ತಿಗೆ ಅವಳ ಬಾಯಲ್ಲಿ ಒಂದು ಮಾತೂ ಉಳಿದಿರುವುದಿಲ್ಲ. ನಿಂತು ಕೆಲಸ ಮಾಡಿದ ದಣಿವಾದರೆ ಮಲಗಿದರೆ ಹೋಗುತ್ತದೆ. ಇದು ಹೋಗುವುದಿಲ್ಲ. ಕುಮಾರೇಶ್ ಮೊದಮೊದಲು ಸಿಟ್ಟಾದ, ಆಮೇಲೆ ಇವಳಿಗೆ ಸಂಬಳದ ಕೊಬ್ಬು ಅಂದುಕೊಂಡ, ಈಗ ಟಿವಿ ಹಾಕಿಕೊಳ್ಳುತ್ತಾನೆ.

ಕಂಪನಿ ನಡೆಸಿದ ಆರೋಗ್ಯ ಶಿಬಿರಕ್ಕೆ ಬಂದಿದ್ದ ಡಾಕ್ಟರಮ್ಮ ಇವಳನ್ನು ಮತ್ತೆ ಮತ್ತೆ ಕರೆಸಿ ಮಾತಾಡಿಸಿ ಆ ಎರಡು ಹೆಸರುಗಳನ್ನು ಹೇಳಿದರು. ಇಷ್ಟು ದಿನ ನೀನು ಮಾಡುತ್ತಿರುವುದಕ್ಕೆ ಮಾಸ್ಕಿಂಗ್ ಅನ್ನುತ್ತಾರೆ, ಅದೇ ನಿನ್ನನ್ನು ತಿನ್ನುತ್ತಿದೆ ಎಂದೂ ಹೇಳಿದರು. (ಮುಖವಾಡ ಎಂದು ಅನುವಾದ ಮಾಡಲು ಹೋಗಿ ಬಿಟ್ಟೆ. ಮುಖವಾಡವಾದರೆ ಕುಣಿತ ಮುಗಿದ ಮೇಲೆ ಬಿಚ್ಚಿ ಮೊಳೆಗೆ ನೇತುಹಾಕಬಹುದು.) ಸರಳಾ ಇದನ್ನು ಇಡೀ ಲೋಕದಲ್ಲಿ ಒಬ್ಬರಿಗೆ ಹೇಳಿದಳು. ಗಂಡನಿಗಲ್ಲ. ಅತ್ತೆ ಅಂಜಿನಮ್ಮನಿಗೆ.

೨ (ಮತ್ತೆ, ಏಕೆಂದರೆ ಅತ್ತೆಯನ್ನು ಮೊದಲ ಸಲ ಕೆಟ್ಟವಳನ್ನಾಗಿ ಬರೆದಿದ್ದೆ)

ಕಥೆಗಳಲ್ಲಿ ಅತ್ತೆ ಹೇಗಿರಬೇಕೆಂದು ನಿಮಗೂ ಗೊತ್ತು, ನನಗೂ ಗೊತ್ತು. ಅಂಜಿನಮ್ಮನ ಕೈಯಲ್ಲಿ ಸೌಟು ಕೊಟ್ಟು ಬಾಯಲ್ಲಿ ಬೈಗುಳ ತುಂಬಿ ಎರಡು ಪುಟ ಬರೆದೆ. ಸರಳಾ ಪೂರ್ತಿ ಓದಲಿಲ್ಲ, ನಡುವೆಯೇ ಎದ್ದು ಹೋದಳು. ಅವಳು ಸಿಟ್ಟು ತೋರಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಂಜಿನಮ್ಮ ಮನೆಯ ಹಿಂದಿನ ಹುಳದ ಮನೆಯ ಯಜಮಾನಿ. ರೇಷ್ಮೆ ಹುಳ ಸಾಕುವ ಆ ಉದ್ದನೆಯ ಕೋಣೆಗೆ ಗದ್ದಲ ಆಗದು, ಒಗ್ಗರಣೆಯ ವಾಸನೆ ಆಗದು, ಬಿರುಸಾದ ಬೆಳಕು ಆಗದು. ಮದುವೆಯಾಗಿ ಬಂದ ಸರಳಾಗೆ ಲೋಕದಲ್ಲಿ ತನಗೆ ಹೇಳಿ ಮಾಡಿಸಿದ ಜಾಗವೂ ಒಂದಿದೆ ಎಂದು ಗೊತ್ತಾದದ್ದು ಅಲ್ಲಿ. ಹುಳ ಬೆಳೆಯುತ್ತ ನಡುನಡುವೆ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ, ಪೊರೆ ಕಳಚುವ ತನಕ ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಸರಳಾ ಹೇಳಿ ಮುಗಿಸಿದಾಗ ಅಂಜಿನಮ್ಮ ಸೊಪ್ಪು ಹರಡುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಉಳ ಜ್ವರಕ್ಕೆ ಕುಂತ್ರೆ ಯಾರಾನ ಎಬ್ಬಿಸಿ ತಿನ್ನು ತಿನ್ನು ಅಂತಾರೇನಮ್ಮಿ? ನೀನೂ ಹಂಗೇ ಅನ್ಕ. ಫ್ಯಾಕ್ಟ್ರಿಯಿಂದ ಬಂದು ಇಲ್ಲಿ ಕುಂತ್ಕ. ಯಾರಾನ ಕೇಳಿದ್ರೆ ನಾನು ಯೇಳ್ಕಂತೀನಿ."

"ಅತ್ತೆ, ನಿಮ್ಮುನ್ನ ನೋಡಿದ್ರೆ ನಂಗೆ ನಗ್ಬೇಕು ಅಂತ ಅನ್ಸಲ್ಲ," ಎಂದಳು ಸರಳಾ. ಅವಳ ಬಾಯಲ್ಲಿ ಅದು ಬಹಳ ದೊಡ್ಡ ಮೆಚ್ಚುಗೆ.

"ನಗ್ಬ್ಯಾಡ ಬುಡು," ಅಂದಳು ಅಂಜಿನಮ್ಮ. "ನಾನೇನು ತೊಟ್ಲಾಗಿರೋ ಮಗೀನಾ, ನನ್ನ ನೋಡ್ಕಂಡು ನಗಾಕೆ?"

ಅಂದಿನಿಂದ ದಿನಾ ಸಂಜೆ ಸರಳಾ ಹುಳದ ಮನೆಯಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದಳು. ಅತ್ತೆ ತನ್ನ ಕೆಲಸ ಮಾಡುತ್ತಿದ್ದಳು. ಯಾರೂ ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಸರಳಾ ತನ್ನೊಳಗೆ ಒಂದು ಮಾತು ಕೊಟ್ಟುಕೊಂಡಳು: ಊರಿಗೆಲ್ಲ ನಟಿಸಿದರೂ ಈ ಹೆಂಗಸಿನ ಮುಂದೆ ಯಾವತ್ತೂ ನಟಿಸಬಾರದು. ನನ್ನ ಕಥೆ ನಿಂತಿರುವುದು ಈ ಒಂದು ಮಾತಿನ ಮೇಲೆ, ನೆನಪಿಟ್ಟುಕೊಳ್ಳಿ.

೪

(ಮೂರನೆಯದು ಇಲ್ಲ. ಅದರಲ್ಲಿ ಸರಳಾಳ ಬಾಲ್ಯವಿತ್ತು, ನನಗೇ ನಾಚಿಕೆಯಾಗುವಷ್ಟು ದಯನೀಯವಾಗಿತ್ತು. ಅದರಿಂದ ಒಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಅಜ್ಜಿ ಸತ್ತಾಗ ಸರಳಾ ಚಿಕ್ಕವಳು. ಅಜ್ಜಿಯೆಂದರೆ ಅವಳಿಗೆ ಪ್ರಾಣ. ಅಳು ಬರಲಿಲ್ಲ. ಚಟ್ಟದ ಹೂವಿನಲ್ಲಿ ಯಾವ ಬಣ್ಣದ ಪಕ್ಕ ಯಾವ ಬಣ್ಣ ಬರುತ್ತದೆ ಎಂದು ನೋಡುತ್ತ ನಿಂತಿದ್ದಳು. ಚಿಕ್ಕಮ್ಮ ತೊಡೆ ಚಿವುಟಿ, "ಕಲ್ಲು, ಕಲ್ಲು ಇವ್ಳು," ಅಂದಳು. ಇನ್ನೊಮ್ಮೆ ಕಲ್ಲು ಅನ್ನಿಸಿಕೊಳ್ಳಬಾರದೆಂದು ಅವಳು ಅಳುವುದನ್ನು ಕಲಿತಳು. ಸಾವಿನ ಮನೆಗಳಲ್ಲಿ ಹಾಡಿಕೊಂಡು ಅಳುವ ಮುನಿರತ್ನಮ್ಮ ಎಂಬ ಹೆಂಗಸನ್ನು ಬಿಟ್ಟಕಣ್ಣು ಬಿಟ್ಟಹಾಗೆ ನೋಡಿದಳು: ಹೊಸಿಲು ದಾಟುವ ಮೊದಲೇ ದನಿ ತೆಗೆಯಬೇಕು, ಸತ್ತವರಿಗೆ ಹತ್ತಿರದವಳು ಯಾರೋ ಅವಳ ಹೆಗಲು ಹಿಡಿಯಬೇಕು, ಸತ್ತವರು ದಿನಾ ಮಾಡುತ್ತಿದ್ದ ಒಂದು ಕೆಲಸವನ್ನು ಹೆಸರು ಹಿಡಿದು ಹಾಡಬೇಕು, ಉಸಿರು ಮುಗಿಯುವಲ್ಲಿ ಸೆರಗಿಗೆ ಮೂಗು ಒರೆಸಬೇಕು.

ಕಲಿತದ್ದು ಎಷ್ಟು ಚೆನ್ನಾಗಿ ಬಂತೆಂದರೆ ಗಂಡನ ಊರಿನಲ್ಲಿ ಅವಳು ಅದಕ್ಕೇ ಹೆಸರಾದಳು. ಸರಳಾ ಬಂದು ಅತ್ತರೇನೇ ಸಾವಿನ ಮನೆಗೆ ಕಳೆ ಎಂದು ಜನ ಆಡಿಕೊಂಡರು. ಸುತ್ತಲಿನ ಹಳ್ಳಿಯವರು ಫ್ಯಾಕ್ಟರಿಗೆ ಫೋನ್ ಮಾಡಿ ಕರೆಸಿಕೊಳ್ಳುತ್ತಿದ್ದರು. ಕಲ್ಲು ಮನಸ್ಸುಗಳೂ ಅವಳ ದನಿಗೆ ಕರಗುತ್ತಿದ್ದವು. ಅತ್ತು ಬಂದ ಮೇಲೆ ಅವಳು ಹುಳದ ಮನೆಯಲ್ಲಿ ಕೂತರೆ ಏಳಲಾಗುತ್ತಿರಲಿಲ್ಲ, ಅಂಜಿನಮ್ಮ ಮುದ್ದೆ ಮುರಿದು ಬಾಯಿಗಿಡುತ್ತಿದ್ದಳು.

ಮುಂದೇನಾಗುತ್ತದೆ ಎಂದು ನಿಮಗೆ ಹೊಳೆದಿರಬೇಕು. ನನಗೂ ಹೊಳೆದಿತ್ತು, ಹೊಳೆದ ದಿನ ಖುಷಿಯಾಗಿ ಕಾಫಿ ಕುಡಿದೆ. ಲೇಖಕರು ಇಂಥವರು.

೫

ಬೆಳಿಗ್ಗೆ ಒಲೆಯ ಮುಂದೆ ಕೂತಿದ್ದ ಹಾಗೇ ಅಂಜಿನಮ್ಮ ಪಕ್ಕಕ್ಕೆ ವಾಲಿದಳು. ಎದೆಬಡಿತ ನಿಂತಿತ್ತು. ಮನೆಯಲ್ಲಿದ್ದವಳು ಸರಳಾ ಒಬ್ಬಳೇ. ಅವಳು ಅತ್ತೆಯನ್ನು ನೆಟ್ಟಗೆ ಮಲಗಿಸಿದಳು. ಹಾಲು ಉಕ್ಕದ ಹಾಗೆ ಇಳಿಸಿದಳು. ಗಂಡನಿಗೆ ಫೋನ್ ಮಾಡಿ, "ಅತ್ತೆ ಹೋಗ್ಬುಟ್ರು, ಬನ್ನಿ," ಅಂದಳು. ಆಮೇಲೆ ಹುಳದ ಮನೆಗೆ ಹೋಗಿ ಸೊಪ್ಪು ಹಾಕತೊಡಗಿದಳು. ಹುಳ ನಾಲ್ಕನೇ ಜ್ವರ ಎದ್ದು ಹಸಿದಿತ್ತು. ಅದಕ್ಕೆ ಸೊಪ್ಪು ಹಾಕಲೆಂದೇ ಅತ್ತೆ ಏಳುವವಳಿದ್ದಳು. ಅತ್ತೆಗೆ ಮಾಡಬೇಕಾದದ್ದು ಅದು ಎಂದು ಸರಳಾಗೆ ಎಷ್ಟು ಖಾತ್ರಿಯಾಗಿತ್ತೆಂದರೆ ಇನ್ನೊಂದು ಯೋಚನೆಯೇ ಬರಲಿಲ್ಲ.

ತಪ್ಪಾದದ್ದು ಇಲ್ಲೇ. ಸಾವಿನ ಸೂತಕವಾದವರು ಹುಳದ ಮನೆ ಮೆಟ್ಟುವ ಹಾಗಿಲ್ಲ, ಮೆಟ್ಟಿದರೆ ಬೆಳೆ ಹೋಗುತ್ತದೆ ಎನ್ನುತ್ತಾರೆ. ಪಕ್ಕದ ಮನೆಯವರು ಬಂದು ನೋಡಿಕೊಳ್ಳುತ್ತಾರೆ. ಪಕ್ಕದ ಮನೆಯ ಮುನಿಶಾಮಿ ಕುಮಾರೇಶನಿಂದ ಸುದ್ದಿ ಕೇಳಿ ಅದಕ್ಕೆಂದೇ ಓಡಿ ಬಂದಾಗ, ಅತ್ತೆಯ ಹೆಣ ಒಳಗಿಟ್ಟುಕೊಂಡು ಒಣಗಿದ ಕಣ್ಣಿನಲ್ಲಿ ಸೊಪ್ಪು ಹರಡುತ್ತಿದ್ದ ಸೊಸೆಯನ್ನು ಕಂಡ. ಕಂಡದ್ದನ್ನು ಹೊರಗೆ ಹೇಳಿದ. ಅವನನ್ನು ದೂರಿ ಫಲವಿಲ್ಲ, ನೀವಾದರೂ ಹೇಳುತ್ತಿದ್ದಿರಿ.

ಹೊಸೂರಿನ ಆಲಸನತ್ತದಿಂದ ಅಂಜಿನಮ್ಮನ ಮಗಳು ವನಿತಾ ಬರುವ ಹೊತ್ತಿಗೆ ಅಂಗಳ ತುಂಬಿತ್ತು. ವನಿತಾ ಅಮ್ಮನ ಮೇಲೆ ಬಿದ್ದು ಅತ್ತಳು. ತಲೆಯೆತ್ತಿ ಅತ್ತಿಗೆಗಾಗಿ ಹುಡುಕಿದಳು. ಸರಳಾ ಗೋಡೆ ಪಕ್ಕ ನಿಂತಿದ್ದಳು, ಕೈಯಲ್ಲಿ ಸೊಪ್ಪಿನ ಹಸಿರು ಕಲೆ.

"ಊರೋರ್ ಸಾವಿಗೆಲ್ಲ ಎದೆ ಒಡ್ಕಂಡು ಅಳ್ತೀಯಲ್ಲ ಅತ್ತಿಗೆ," ಅಂದಳು ವನಿತಾ. "ನಮ್ಮಮ್ಮುಂಗೆ ಒಂದ್ ಹನಿ ಕಣ್ಣೀರಿಲ್ವಾ? ನಿಂಗೆ ಮುದ್ದೆ ಮುರ್ದು ತಿನ್ಸಿದ್ಕೆ ಇದೇನಾ? ಅಮ್ಮುನ್ ಹೆಣಕ್ಕೆ ನೀನು ಕೈ ಹಚ್ಬ್ಯಾಡ. ನೀರು ಹಾಕ್ಬ್ಯಾಡ. ನಾನು ಹಾಕ್ಸಲ್ಲ."

ಆ ಮನೆಯ ಪದ್ಧತಿಯಲ್ಲಿ ಹೆಣದ ಮೈ ತೊಳೆಯುವಾಗ ಮೊದಲ ಚೊಂಬು ಸೊಸೆಯದು. ಸರಳಾ ಎಲ್ಲ ಪದ್ಧತಿಗಳನ್ನೂ ಬಾಯಿಪಾಠ ಮಾಡಿದ್ದವಳು, ಆದರೆ ಬೇಕು ಅನ್ನಿಸಿದ ಪದ್ಧತಿ ಅವಳಿಗೆ ಇದೊಂದೇ. ಅತ್ತೆಯ ತಲೆ ಒದ್ದೆಯಾಗುವಾಗ ಹಿಡಿದುಕೊಳ್ಳಬೇಕು, ಆ ಕಾಲು ಉಜ್ಜಬೇಕು. ಇಷ್ಟು ವರ್ಷದಲ್ಲಿ ಅತ್ತೆ ಮುದ್ದೆ ತಿನ್ನಿಸಿದ್ದು ಬಿಟ್ಟರೆ ಇಬ್ಬರೂ ಮುಟ್ಟಿ ಮಾತಾಡಿದವರಲ್ಲ. ಕೊನೆಯದಾಗಿ ಒಂದು ಸಲ ಮುಟ್ಟಬೇಕು.

ಕುಮಾರೇಶ್ ಅವಳನ್ನು ಕೊಟ್ಟಿಗೆಯ ಮರೆಗೆ ಕರೆದೊಯ್ದು ಕೈ ಹಿಡಿದುಕೊಂಡ. ಅವನ ಕಣ್ಣು ಊದಿತ್ತು.

"ನಿಂಗೆ ಬರ್ತದಲ್ಲೇ ಸರಳಾ. ಎಲ್ರುಗೂ ಮಾಡ್ತೀಯ. ಒಂದ್ ಗಳಿಗೆ ಅತ್ಬುಡೇ. ಅಮ್ಮುನ್ ಮುಂದೆ ಮಾನ ಕಳೀಬ್ಯಾಡ."

"ಅತ್ತೆ ಮುಂದೆ ಮಾಡಲ್ಲ ರೀ," ಅಂದಳು ಸರಳಾ.

೬

ಇಲ್ಲಿಂದ ಮುಂದಕ್ಕೆ ನನ್ನ ಹತ್ತಿರ ಮೂರು ದಾರಿಗಳಿವೆ. ನೀವು ಆರಿಸಿಕೊಳ್ಳಿ ಎನ್ನುವುದು ಈಗಿನ ಫ್ಯಾಷನ್, ಆದರೆ ನಿಮ್ಮ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ.

ದಾರಿ ಒಂದು. ಸರಳಾ ಅಂಗಳದ ನಡುವೆ ನಿಂತು ಎಲ್ಲರಿಗೂ ನಿಜ ಹೇಳುತ್ತಾಳೆ. ಆಟಿಸಂ ಎಂದರೆ ಏನು, ಎಡಿಎಚ್‌ಡಿ ಎಂದರೆ ಏನು, ಜೀವಮಾನವೆಲ್ಲ ಇನ್ನೊಬ್ಬಳ ಹಾಗೆ ನಡೆದುಕೊಂಡರೆ ಮನುಷ್ಯ ಹೇಗೆ ಬತ್ತಿಹೋಗುತ್ತಾನೆ. ಜನ ತಲೆ ತಗ್ಗಿಸುತ್ತಾರೆ. ವನಿತಾ ಬಂದು ತಬ್ಬಿಕೊಳ್ಳುತ್ತಾಳೆ. ಇದನ್ನು ಪೂರ್ತಿ ಬರೆದೆ. ಓದಿ ಸರಳಾ ಬಹಳ ಮರ್ಯಾದೆಯಿಂದ ಕೇಳಿದಳು: "ಸಾರ್, ಇದು ಯಾವೂರು? ನಾವು ಅಲ್ಲಿಗೇ ಮನೆ ಮಾಡ್ಕಂಡು ಹೋಗ್ಬೋದಾ?"

ದಾರಿ ಎರಡು. ಅವಳಿಗೆ ನಿಜವಾದ ಅಳು ಬರುತ್ತದೆ. ಕಟ್ಟೆ ಒಡೆಯುತ್ತದೆ. ನನಗೆ ಇದೇ ಬೇಕಾಗಿತ್ತು, ಒಪ್ಪಿಕೊಳ್ಳುತ್ತೇನೆ. ಬಹುಮಾನ ಕೊಡುವವರಿಗೂ ಇದೇ ಇಷ್ಟ.

"ಬಂದಿದ್ರೆ ಚೆಂದಾಗಿತ್ತು," ಅಂದಳು ಸರಳಾ. "ಬರ್ಲಿಲ್ಲ ಸಾರ್. ನಂಗೆ ದುಃಖ ಕಣ್ಣಿಗೆ ಬರಲ್ಲ, ಕೈಗೆ ಬರ್ತದೆ. ಬೆರಳು ಮರಗಟ್ಟಿ ಹಿಮದಂಗೆ ಆಯ್ತದೆ. ಆವತ್ತು ಮೊಣಕೈಗಂಟ ಆಗಿತ್ತು. ಯಾರು ನೋಡ್ತಾರೆ ಅದ್ನ? ನಮ್ಮೆಜಮಾನ್ರು ಕೈ ಹಿಡ್ಕಂಡೇ ಇದ್ರು, ಅವ್ರಿಗೂ ಗೊತ್ತಾಗ್ಲಿಲ್ಲ."

ಈ ಮಾತು ಕೇಳಿ ನನಗೆ ಸಂಕಟವಾಯಿತು. ಆಮೇಲೆ ಈ ಮಾತನ್ನೂ ಬರೆದುಕೊಂಡೆ, ಚೆನ್ನಾಗಿತ್ತು.

ದಾರಿ ಮೂರು. ನಡೆದದ್ದು ಇದು. ಒಳಗೆ ಹೆಂಗಸರು ಸೀರೆ ಅಡ್ಡ ಹಿಡಿದು ನೀರಿಗೆ ಅರಿಶಿನ ಕದಡುತ್ತಿದ್ದರು. ವನಿತಾ ಚೊಂಬು ಎತ್ತಿಕೊಂಡಿದ್ದಳು. ಇನ್ನೊಂದು ಗಳಿಗೆ ತಡವಾದರೆ ಅತ್ತೆಯನ್ನು ಮುಟ್ಟುವ ಆ ಒಂದು ಸಲವೂ ತಪ್ಪಿಹೋಗುತ್ತಿತ್ತು. ಸರಳಾ ಕೊಟ್ಟಿಗೆಯ ಮರೆಯಿಂದ ಹೊರಗೆ ಬಂದಳು. ಹೊಸಿಲು ದಾಟುವ ಮೊದಲೇ ದನಿ ತೆಗೆದಳು.

"ಹೊತ್ತಾರೆ ಎದ್ದು ಯಾರ್ನ ಕೂಗ್ಲವ್ವಾ… ಸೊಪ್ಪು ತಂದೆ ಅಂತ ಯಾರ್ಗೆ ಯೇಳ್ಲವ್ವಾ… ಉಳ ಹಸ್ದು ಬಾಯ್ ಬುಡ್ತಾವಲ್ಲವ್ವಾ, ನಿನ್ ಕೈ ಎಲ್ಲಿಟ್ಟು ಹೋದ್ಯವ್ವಾ…"

ಅಂಗಳ ಒಂದು ಸಲಕ್ಕೆ ಬಿಕ್ಕಿತು. ಅವಳು ವನಿತಾಳ ಹೆಗಲು ಹಿಡಿದಳು. ವನಿತಾ ಕೈಯಿಂದ ಚೊಂಬು ಜಾರಿತು, "ಅತ್ತಿಗೇ" ಎಂದು ಕೊರಳಿಗೆ ಬಿದ್ದಳು. ಮುದುಕಿಯರು, "ಆಗ್ಲಿಂದ ಒಳಗೇ ನುಂಗ್ಕಂಡಿತ್ತು ಕೂಸು, ಈಗ ಹೊರಕ್ ಬಂತು," ಎಂದು ಕಣ್ಣೊರೆಸಿಕೊಂಡರು. ಹುಳದ ಮನೆ ಮೆಟ್ಟಿದ್ದೂ ದುಃಖದ ಭ್ರಮೆಯಲ್ಲಿ ಎಂದಾಯಿತು. ಅವಳ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಅವಳು ಅತ್ತಿರಲಿಲ್ಲ.

ಮೊದಲ ಚೊಂಬನ್ನು ಅವಳ ಕೈಗೇ ಕೊಟ್ಟರು. ಅವಳು ನೀರು ಹುಯ್ದಳು, ತಲೆ ಹಿಡಿದುಕೊಂಡಳು, ಕಾಲು ಉಜ್ಜಿದಳು. ಆದರೆ ಸುತ್ತ ಹೆಂಗಸರಿದ್ದರು, ನೋಡುತ್ತಿದ್ದರು. ಹಾಗಾಗಿ ದನಿ ನಿಲ್ಲಿಸುವಂತಿರಲಿಲ್ಲ, ಹಾಕಿಕೊಂಡ ಮುಖ ಇಳಿಸುವಂತಿರಲಿಲ್ಲ. ಮುಂದಿನ ಸಾಲು ಯಾವುದು, ಎಲ್ಲಿ ಉಸಿರು, ಯಾವಾಗ ಸೆರಗು ಎಂದು ನೋಡಿಕೊಳ್ಳುತ್ತಿರುವಾಗ ನೀರು ಮುಗಿದಿತ್ತು. ಅತ್ತೆಯ ಕಾಲು ಕೈಗೆ ಹೇಗೆ ಸಿಕ್ಕಿತ್ತು ಎಂದು ಅವಳಿಗೆ ಇವತ್ತಿಗೂ ನೆನಪಿಲ್ಲ. ನೆನಪು ಮಾಡಿಕೊಳ್ಳಲು ನಾನೂ ಅವಳ ಜೊತೆ ಕೂತು ನೋಡಿದೆ. ಹಾಡು ನೆನಪಿದೆ, ಒಂದು ಸಾಲೂ ಬಿಡದೆ.

೭

ನಾನು ಮಾಡಿಸಿದ್ದಲ್ಲ, ಅವಳೇ ಮಾಡಿದ್ದು ಎಂದು ವಾದಿಸಬಹುದು. ವಾದಿಸಿದೆ.

"ನಿಮ್ಗೂ ಅದೇ ಬೇಕಿತ್ತಲ್ಲ ಸಾರ್," ಅಂದಳು. "ಕೊಟ್ಟಿಗೆ ಮರೇಲಿ ನಿಂತಿದ್ದಾಗ ಹಿಂದೆ ನೀವೂ ಇದ್ರಿ. ಈಗ ಏನ್ಮಾಡ್ತಾಳೆ, ಈಗ ಏನ್ಮಾಡ್ತಾಳೆ ಅಂತ ನೋಡ್ತಾ ಇದ್ರಿ. ಅಷ್ಟ್ ಜನ ನೋಡ್ತಿದ್ರೆ ನಾನು ಸುಮ್ನೆ ಇರಾಕೆ ಆಯ್ತದಾ?"

ಅಷ್ಟು ಜನ ಎಂದಾಗ ಅವಳು ನನ್ನ ಹೆಗಲಾಚೆ ನೋಡಿದಳು. ಅಲ್ಲಿ ನೀವಿದ್ದಿರಿ.

೮

ಸೂತಕ ಕಳೆದ ಮೇಲೆ ಅವಳು ಹುಳದ ಮನೆಗೆ ಹೋದಳು. ಹುಳವೆಲ್ಲ ಗೂಡು ಕಟ್ಟಿ, ಮುನಿಶಾಮಿ ಗೂಡು ಬಿಡಿಸಿ, ಕುಮಾರೇಶ್ ಮಾರ್ಕೆಟ್ಟಿಗೆ ಹಾಕಿ ಬಂದಿದ್ದ. ಹುಳ ಮೇಯುತ್ತಿದ್ದ ತಟ್ಟೆಗಳು ಖಾಲಿ. ಗೋಡೆಗೆ ಒರಗಿ ಕೂತಳು, ಹಾಕಿಕೊಂಡ ಮುಖ ಇಳಿಯಲಿ ಎಂದು ಕಾದಳು. ಮೊದಲಾದರೆ ಬಾಗಿಲು ಹಾಕಿದ ಕೂಡಲೇ ಇಳಿಯುತ್ತಿತ್ತು. ಕತ್ತಲಾಗುವ ತನಕ ಕೂತಳು. ಯಾರೂ ಇಲ್ಲದ ಆ ಕೋಣೆಯಲ್ಲಿ ತನ್ನ ತುಟಿ ನಗುವಿಗೆ ಸಿದ್ಧವಾಗಿಯೇ ಇರುವುದು ಅವಳಿಗೆ ತಿಳಿಯುತ್ತಿತ್ತು. ಕೈಯಿಂದ ಮುಟ್ಟಿ ನೋಡಿಕೊಂಡಳು. ಹೆದರಿಕೆಯಾಯಿತು. ಹೆದರಿಕೆಗೂ ಅವಳ ಹತ್ತಿರ ಕಲಿತ ಒಂದು ಮುಖವಿತ್ತು, ಅದು ಬಂತು.

ಈಗ ಅವಳು ಫ್ಯಾಕ್ಟರಿಗೆ ಹೋಗುತ್ತಿದ್ದಾಳೆ. ಮೊದಲಿಗಿಂತ ಚೆನ್ನಾಗಿ ಮಾತಾಡುತ್ತಾಳೆ, ಚೆನ್ನಾಗಿ ನಗುತ್ತಾಳೆ. ಮನೆಯಲ್ಲೂ ಮಾತಾಡುತ್ತಾಳೆ, ಕುಮಾರೇಶ್ ಟಿವಿ ಆಫ್ ಮಾಡಿ ಕೇಳುತ್ತಾನೆ. ಅಮ್ಮ ಹೋದ ಮೇಲೆ ಅತ್ತಿಗೆಗೆ ಜವಾಬ್ದಾರಿ ಬಂತು ಎಂದು ವನಿತಾ ಎಲ್ಲರಿಗೂ ಹೇಳುತ್ತಾಳೆ. ಡಾಕ್ಟರಮ್ಮ ಫೋನ್ ಮಾಡಿದರೆ, "ನಲ್ಲಾ ಇರುಕ್ಕೇನ್ ಮೇಡಂ," ಚೆನ್ನಾಗಿದ್ದೇನೆ, ಅನ್ನುತ್ತಾಳೆ. ತಟ್ಟೆಗಳ ನಡುವೆ ಗೋಡೆಗೆ ಒರಗಿ ಸುಮ್ಮನೆ ಕೂರುತ್ತಿದ್ದ ಹೆಂಗಸನ್ನು ಯಾರೂ ಹುಡುಕುತ್ತಿಲ್ಲ, ಏಕೆಂದರೆ ಅವಳನ್ನು ಕಂಡಿದ್ದವಳು ಒಬ್ಬಳೇ.

೯

ನಾನು ಹುಡುಕಿದೆ. ಕರಡುಗಳನ್ನೆಲ್ಲ ಮತ್ತೆ ತೆರೆದೆ. ಅಂಜಿನಮ್ಮನನ್ನು ಬದುಕಿಸಿ ಬರೆದು ನೋಡಿದೆ, ಅತ್ತೆ ಹೊಸಿಲಲ್ಲಿ ನಿಂತು ಕರೆದರೆ ಸರಳಾ ಎದ್ದು ಬಂದು, ಹುಬ್ಬುಗಳ ನಡುವಿನ ಕುಂಕುಮ ನೋಡುತ್ತ, "ಚೆನ್ನಾಗಿದ್ದೀರಾ ಅತ್ತೆ? ಊಟ ಆಯ್ತಾ?" ಅಂದಳು. ಅದನ್ನು ಅಳಿಸಿದೆ. ಎರಡು ದಿನ ಲ್ಯಾಪ್‌ಟಾಪ್ ಮುಟ್ಟಲಿಲ್ಲ.

ಇವತ್ತು ಕೊನೆಯದಾಗಿ ಇಡೀ ಕಥೆಯನ್ನು ಅವಳಿಗೆ ಓದಿ ಹೇಳಿದೆ. ಎಲ್ಲಿ ತಪ್ಪಾಗಿದೆಯೋ ಅಲ್ಲಿ ನಿಲ್ಲಿಸು, ಬೈಯಿ, ಮೊದಲಿನ ಹಾಗೆ ಎದ್ದು ಹೋಗು ಎಂದೆ. ಅವಳು ಸರಿಯಾದ ಜಾಗಗಳಲ್ಲಿ ತಲೆದೂಗಿದಳು. ಅಂಜಿನಮ್ಮ ಒಲೆಯ ಮುಂದೆ ವಾಲುವಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇದಕ್ಕೆ ಏನು ಮುಕ್ತಾಯ ಕೊಡಲಿ ಸರಳಾ, ನಿನಗೇನು ಬೇಕು ಎಂದು ಕೇಳಿದೆ.

"ಚೆಂದಾಗಿ ಬಂದೈತೆ ಸಾರ್," ಎಂದು ನಕ್ಕಳು. "ಇಲ್ಲಿಗೇ ಮುಗ್ಸಿ."

ಅದಕ್ಕೇ ಮುಗಿಸುತ್ತಿಲ್ಲ.